ಬಿಳಿ ತೂನೀಗದ ವಯಸ್ಸು

ನನ್ನ ಭೂತಗನ್ನಡಿಯ ಹಿಡಿಕೆಗೆ ಕೆಂಪು ದಾರ ಸುತ್ತಿದೆ. ನಿನ್ನೆ ಹಲ್ಲಿನ ಸೆಟ್ ಕಾಣಿಸುತ್ತಿಲ್ಲವೆಂದು ಮೇಜಿನ ಡ್ರಾಯರ್ ಎಳೆದಾಗ ಅದು ಗಡಗಡನೆ ಉರುಳಿ ಮುಂದೆ ಬಂತು. ಸೆಟ್ ಎಲ್ಲಿ ಸಿಕ್ಕಿತು ಅಂತ ಮಾತ್ರ ಕೇಳಬೇಡಿ. ಬಾಯಲ್ಲೇ ಇತ್ತು. ಎಪ್ಪತ್ತೇಳು ದಾಟಿದ ಮೇಲೆ ಹುಡುಕುವುದು ಒಂದು, ಸಿಗುವುದು ಇನ್ನೊಂದು. ಸಿಕ್ಕಿದ್ದನ್ನೇ ಕೈಯಲ್ಲಿ ಹಿಡಿದು ಕುಳಿತರೆ ಅರ್ಧ ದಿನ ಸುಖವಾಗಿ ಕಳೆದುಹೋಗುತ್ತದೆ.

ಈ ಭೂತಗನ್ನಡಿ ಅಪ್ಪನದು. ಕಲಬುರಗಿ ಕಡೆಯಿಂದ ಸರ್ಕಾರಿ ನೌಕರಿಗೆಂದು ಹೈದರಾಬಾದಿಗೆ ಬಂದು ಕಾಚಿಗೂಡದಲ್ಲಿ ಬಾಡಿಗೆ ಮನೆ ಹಿಡಿದವರು ಅವರು. ಹಳೆಯ ಜಮೀನು ಕಾಗದಗಳ ಮೇಲಿನ ಸಿಕ್ಕಾ, ಅಂದರೆ ಮುದ್ರೆ, ಅಸಲಿಯೋ ನಕಲಿಯೋ ನೋಡಿ ಹೇಳುವುದು ದಫ್ತರಿನಲ್ಲಿ ಅವರ ಕೆಲಸ. "ಇಂದೂ, ಅಕ್ಷರಾ ಯಾರು ಬೇಕಾದ್ರೂ ಬರೀತಾರ. ಸಿಕ್ಕಾದ ಅಂಚು ನೋಡಬೇಕು. ಅಂಚು ಸುಳ್ಳು ಹೇಳಂಗಿಲ್ಲ" ಎಂದು ನನಗೆ ಹೇಳುತ್ತಿದ್ದರು. ನನಗೆ ಆಗ ಒಂಬತ್ತು ವರ್ಷ. ಸುಳ್ಳು ಹೇಳುವುದಕ್ಕೆ ಅಂಚಿನ ಅಗತ್ಯವಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಯಾಕೆಂದರೆ ಹಿಡಿಕೆ ಮುರಿದದ್ದು ನಾನೇ, ಮುರಿದಿಲ್ಲವೆಂದವಳೂ ನಾನೇ.

ಮಳೆಗಾಲ ಕಳೆದ ಮೇಲೆ ನಮ್ಮ ಓಣಿಯ ತುಂಬ ತೂನೀಗ ಬರುತ್ತಿದ್ದವು. ನೀವು ಏರೋಪ್ಲೇನ್ ಚಿಟ್ಟೆ ಅನ್ನುತ್ತೀರಲ್ಲ, ಅದಕ್ಕೆ ನಮ್ಮ ತೆಲುಗು ಗೆಳತಿಯರು ಹೇಳುತ್ತಿದ್ದ ಹೆಸರು ಅದು. ದೊಡ್ಡದೊಂದನ್ನು ಹಿಡಿದು ಬಾಲಕ್ಕೆ ಅಮ್ಮನ ಹೊಲಿಗೆ ಡಬ್ಬಿಯ ಕೆಂಪು ದಾರ ಕಟ್ಟಿದೆ. ಕಿಟಕಿಯ ಸರಳಿಗೆ ಬಿಗಿದು, ಅಪ್ಪನ ಭೂತಗನ್ನಡಿ ಕದ್ದು ತಂದು, ಅದರ ಕಣ್ಣಿನ ಮೇಲೆ ಹಿಡಿದೆ. ಕಣ್ಣೊಳಗೆ ಸಾವಿರ ಕಣ್ಣು! ಹೆದರಿ ಕೈಬಿಟ್ಟೆ. ಗಾಜು ಉಳಿಯಿತು, ಹಿಡಿಕೆ ಹೋಯಿತು, ತೂನೀಗ ಬಾಲದ ತುದಿಯನ್ನು ದಾರದಲ್ಲೇ ಬಿಟ್ಟು ಹಾರಿಹೋಯಿತು. ಅಪ್ಪ ಬೈಯಲಿಲ್ಲ. ಅದೇ ದಾರವನ್ನು ಬಿಚ್ಚಿ ತಂದು ಹಿಡಿಕೆಗೆ ಸುತ್ತಿದರು, ಅಷ್ಟೇ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಅಪ್ಪನ ಕಸುಬು ಒಂದು ರೀತಿಯಲ್ಲಿ ನನಗೂ ಅಂಟಿತು. ನಾನು ಓದಿದ ಕಾನ್ವೆಂಟಿನಲ್ಲೇ ಆಫೀಸಿನ ಕೆಲಸಕ್ಕೆ ಸೇರಿ ಮೂವತ್ತನಾಲ್ಕು ವರ್ಷ ಹುಡುಗಿಯರ ಫಾರ್ಮ್ ತುಂಬಿದೆ. ಅದರಲ್ಲಿ ಐಡೆಂಟಿಫಿಕೇಶನ್ ಮಾರ್ಕ್ಸ್ ಎಂಬ ಎರಡು ಗೆರೆಗಳಿರುತ್ತಿದ್ದವು. ಬಲಗೆನ್ನೆಯ ಮೇಲೆ ಮಚ್ಚೆ, ಎಡ ಮೊಣಕಾಲಿನ ಮೇಲೆ ಗಾಯದ ಕಲೆ. ದೇವರು ಹುಡುಗಿಯರನ್ನು ಕಳಿಸುವಾಗ ಸರ್ಕಾರದ ಅನುಕೂಲಕ್ಕೆ ಎರಡೆರಡು ಗುರುತು ಹಾಕಿಯೇ ಕಳಿಸುತ್ತಾನೆ ಎಂದು ನಂಬಿದ್ದೆ. ಒಂದು ವರ್ಷ ಒಬ್ಬಳು ಬಂದಳು, ಮೈಮೇಲೆ ಒಂದು ಚುಕ್ಕೆಯೂ ಇಲ್ಲ. ನಮ್ಮ ಹೆಡ್ ಸಿಸ್ಟರ್ ಬಾಗಿಲಲ್ಲಿ ನಿಂತು, "ನೆವರ್ ಲೀವ್ ಎ ಬ್ಲ್ಯಾಂಕ್, ಚೈಲ್ಡ್" ಅಂದರು. ನನಗಾಗ ಮೂವತ್ತು, ಆದರೂ ಅವರಿಗೆ ಚೈಲ್ಡ್. ಖಾಲಿ ಬಿಡಬಾರದಲ್ಲ, "ನಕ್ಕಾಗ ಎಡಗೆನ್ನೆಯಲ್ಲಿ ಗುಳಿ" ಎಂದು ಬರೆದೆ. ಪರೀಕ್ಷೆಯ ದಿನ ಬೇರೆ ಶಾಲೆಯ ಮೇಲ್ವಿಚಾರಕರೊಬ್ಬರು ಫಾರ್ಮ್ ನೋಡಿ ಅವಳಿಗೆ, "ನಗು" ಅಂದರಂತೆ. ಗಣಿತದ ಪೇಪರ್. ಹುಡುಗಿ ಮೊದಲೇ ಅಳುತ್ತಿದ್ದಳು. ಎಷ್ಟು ಪ್ರಯತ್ನಿಸಿದರೂ ಗುಳಿ ಬೀಳಲಿಲ್ಲವಂತೆ. ಕೊನೆಗೆ ಅವಳ ಅವಸ್ಥೆಗೆ ಅವರೇ ನಕ್ಕು ಒಳಗೆ ಬಿಟ್ಟರಂತೆ. ಅವಳು ಬಂದು ಹೇಳಿದಾಗ ನಾನೂ ನಕ್ಕೆ. ಅದರಿಂದ ಪಾಠ ಕಲಿತೆನೇ? ಇಲ್ಲ. ಖಾಲಿ ಬಿಡಬಾರದು ಎಂಬುದೊಂದೇ ಎದೆಯಲ್ಲಿ ಅಚ್ಚೊತ್ತಿ ಕೂತಿತ್ತು. ಅದರ ಫಲ ಮೊನ್ನೆ ಮೊನ್ನೆ ಉಂಡೆ. ಹೇಳುತ್ತೇನೆ.

ನಿವೃತ್ತಿಯ ಮೇಲೆ ಲಿಂಗಂಪಲ್ಲಿಯ ಅಪಾರ್ಟ್‌ಮೆಂಟಿಗೆ ಬಂದೆ. ಮದುವೆಯ ಕಾಲಂ ನನ್ನ ಬದುಕಿನಲ್ಲಿ ಖಾಲಿ ಉಳಿದ ಒಂದೇ ಒಂದು ಕಾಲಂ. ಅದನ್ನು ಖಾಲಿ ಬಿಟ್ಟದ್ದು ನಾನಲ್ಲ, ಜಾತಕ. ಅದಿರಲಿ. ಮೊದಲು ಇಲ್ಲಿ ಯಾರದೋ ತೋಟದ ಬಂಗಲೆ ಇತ್ತಂತೆ. ಬಂಗಲೆ ಕೆಡವಿದರು, ತೋಟ ಕಡಿದರು. ಹಿಂಭಾಗದಲ್ಲಿ ನೇರಳೆ ಮರದ ಕೆಳಗೆ ಕಲ್ಲು ಕಟ್ಟಿದ ಒಂದು ನೀರಿನ ತೊಟ್ಟಿ ಮಾತ್ರ ಹೇಗೋ ಉಳಿದುಬಿಟ್ಟಿದೆ. ಎಲ್ಲರೂ ಅದನ್ನು ಹೌಜ್ ಅನ್ನುತ್ತಾರೆ. ಒಂದು ಕಾರು ನಿಲ್ಲಿಸುವಷ್ಟು ಅಗಲ, ನನ್ನ ಸೊಂಟದಷ್ಟು ಆಳ. ಹಸಿರು ನೀರು, ಅಂಚಿನಲ್ಲಿ ಜೊಂಡು, ತುಂಬ ನೆರಳು. ಅಲ್ಲಿಯೇ ನನ್ನ ಎರಡನೆಯ ನೌಕರಿ ಶುರುವಾದದ್ದು.

ನೌಕರಿ ಕೊಟ್ಟವರು ನನ್ನ ಹಲ್ಲಿನ ಡಾಕ್ಟರ್ ಫಾತಿಮಾ. ದಿನವಿಡೀ ಜನರ ಬಾಯೊಳಗೆ ಬಗ್ಗಿ ನೋಡುವ ಈಕೆ ರವಿವಾರ ಕೆರೆಯಂಚಿನಲ್ಲಿ ಬಗ್ಗಿ ಹುಳು ನೋಡುತ್ತಾರೆ. ಅವರದೊಂದು ವಾಟ್ಸಾಪ್ ಗುಂಪು. ಊರಿನವರು ಕೆರೆ, ಕುಂಟೆ, ಕಾಲುವೆಗಳ ಹತ್ತಿರ ತೆಗೆದ ಫೋಟೊ ಹಾಕುತ್ತಾರೆ. ತಿಳಿದವರು ನೋಡಿ ಮೂರು ಕಾಲಂ ತುಂಬಬೇಕು: ಜಾತಿ ಯಾವುದು, ಗಂಡೋ ಹೆಣ್ಣೋ, ಎಳೆಯದೋ ಬಲಿತದ್ದೋ. "ಆಂಟೀ, ಫಾರ್ಮ್ ಭರ್ನಾ ಆಪ್ ಸೇ ಅಚ್ಛಾ ಕೌನ್ ಜಾನ್ತಾ?" ಅಂದರು, ಫಾರ್ಮ್ ತುಂಬುವುದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದು. ಫಾರ್ಮ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ನಾನು ಹಲ್ಲಿಲ್ಲದ ಬಾಯಿಂದಲೇ ಯೆಸ್ ಅಂದೆ.

ಹುಳುವೆಂದರೆ ಡ್ಯಾಮ್ಸೆಲ್‌ಫ್ಲೈ. ತೂನೀಗದ ತಂಗಿ ಅನ್ನಿ. ಸೂಜಿಯಂಥ ಮೈ, ಕೂತಾಗ ರೆಕ್ಕೆಗಳನ್ನು ಬೆನ್ನ ಮೇಲೆ ಒಟ್ಟಿಗೆ ಜೋಡಿಸಿಕೊಂಡು ಪ್ರಾರ್ಥನೆಗೆ ನಿಂತ ಕಾನ್ವೆಂಟ್ ಹುಡುಗಿಯ ಹಾಗೆ ಕೂರುತ್ತದೆ. ಅಕ್ಕ ತೂನೀಗ ರೆಕ್ಕೆ ಚಾಚಿ ಮೈದಾನದಲ್ಲಿ ಮೆರೆದರೆ ತಂಗಿ ಹುಲ್ಲಿನ ಬುಡದಲ್ಲಿ ಗುಟ್ಟಾಗಿರುತ್ತಾಳೆ. ಎರಡು ಕಣ್ಣು ತಲೆಯ ಎರಡು ತುದಿಗೆ ಅಂಟಿಸಿದ ಮಣಿಗಳಂತೆ ದೂರ ದೂರ. ಎಪ್ಪತ್ತು ವರ್ಷ ಇವು ನನ್ನ ಕಾಲಬುಡದಲ್ಲೇ ಹಾರಾಡಿದ್ದಿರಬೇಕು. ನಾನು ಒಂದನ್ನೂ ನೋಡಿರಲಿಲ್ಲ. ಹಾಗೆ ನೋಡದೆ ಹೋದದ್ದು ಇನ್ನೆಷ್ಟಿದೆಯೋ ಎಂದು ಯೋಚಿಸಿದರೆ ಎದೆ ಝಲ್ಲೆನ್ನುತ್ತದೆ.

ಗಂಡು ಹೆಣ್ಣು ಗುರುತಿಸುವ ವಿಷಯ ಸ್ವಲ್ಪ ಸಂಕೋಚದ್ದು. ಫೋಟೊ ಪಕ್ಕದಿಂದ ತೆಗೆದಿರಬೇಕು. ಬಾಲದ ತುದಿ ನೋಡಬೇಕು. ಗಂಡಿಗೆ ಅಲ್ಲಿ ಸಣ್ಣ ಚಿಮ್ಮಟದಂಥ ಕೊಂಡಿಗಳಿರುತ್ತವೆ, ಹೆಣ್ಣನ್ನು ಹಿಡಿದುಕೊಳ್ಳಲು. ಹೆಣ್ಣಿನ ತುದಿ ದಪ್ಪ, ಕೆಳಗೆ ಮೊಟ್ಟೆಯಿಡುವ ಸಾಧನ. ಸಾಲದ್ದಕ್ಕೆ ಗಂಡಿನ ಹೊಟ್ಟೆಯ ಬುಡದಲ್ಲಿ ಇನ್ನೊಂದು ಗುಬುಟು ಇರುತ್ತದೆ, ಅದರ ಕೆಲಸ ನಾನು ಇಲ್ಲಿ ವಿವರಿಸುವುದಿಲ್ಲ. ಕಾನ್ವೆಂಟಿನಲ್ಲಿ ಜೀವಶಾಸ್ತ್ರದ ಆ ಅಧ್ಯಾಯ ಬಂದಾಗ ಸಿಸ್ಟರ್ ಎರಡು ಪುಟಗಳನ್ನು ಒಟ್ಟಿಗೆ ಮಗುಚಿದ್ದರು. ಅವರ ಶಿಷ್ಯೆ ಈಗ ಭೂತಗನ್ನಡಿ ಹಿಡಿದು ಪರಪುರುಷರ ಹಿಂಭಾಗ ನೋಡುತ್ತ ಕೂರುವುದನ್ನು ಅವರು ಮೇಲಿಂದ ಕಂಡಿದ್ದರೆ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದರು.

ಇದನ್ನು ಮೊದಲು ಹಾಸ್ಯ ಮಾಡಿದವಳು ಶಾಂತವ್ವ. ಸೇಡಂ ಕಡೆಯವಳು. ಗಂಡ ಗೌಂಡಿ ಕೆಲಸಕ್ಕೆ ಬಂದಾಗ ಜೊತೆಗೆ ಬಂದು, ನಮ್ಮ ಕಟ್ಟಡದ ಕಸ ಗುಡಿಸುತ್ತಾಳೆ, ನನ್ನ ಮನೆಯಲ್ಲಿ ರೊಟ್ಟಿ ಬಡಿಯುತ್ತಾಳೆ. ಒಂದು ದಿನ ಬಾಗಿಲಲ್ಲಿ ಕಸಬರಿಗೆ ಹಿಡಿದು ನಿಂತು ಕೇಳಿದಳು.

"ಬಾಯಾರ, ಮುಂಜಾನಿಂದ ಆ ಫೋನ್‌ದಾಗ ಏನ್ ನೋಡಾಕತ್ತೀರಿ?"

"ಗಂಡು ಹೌದೋ ಅಲ್ಲೋ ಅಂತ ನೋಡಾಕತ್ತೀನಿ. ಬಾಲದ ತುದಿ ನೋಡಬೇಕಾಗ್ತದ."

"ಅಯ್ಯ, ಇಷ್ಟಕ್ಕ ಗಾಜು ಯಾಕ ಬೇಕ್ರಿ? ಯಾವುದು ಕೆಲ್ಸಾ ಬಿಟ್ಟು ಆರಾಮ ಕುಂತಿರ್ತೈತಿ, ಅದು ಗಂಡು."

ನಂಬುತ್ತೀರೋ ಇಲ್ಲವೋ, ಅವಳ ಸೂತ್ರ ಹತ್ತಕ್ಕೆ ಐದಾರು ಸಲ ಸರಿಬರುತ್ತಿತ್ತು.

ನಿಜವಾದ ಕಷ್ಟ ಮೂರನೆಯ ಕಾಲಂ. ವಯಸ್ಸು. ಜಾತಿ ಒಮ್ಮೆ ಹುಟ್ಟಿದ ಮೇಲೆ ಬದಲಾಗುವುದಿಲ್ಲ, ಗಂಡು ಹೆಣ್ಣೂ ಬದಲಾಗುವುದಿಲ್ಲ. ಆದರೆ ಈ ಹುಳುಗಳು ಬೆಳೆಯುತ್ತ ಬಣ್ಣ ಬದಲಿಸುತ್ತವೆ. ಎರಡು ಅಕ್ಕಿಕಾಳಿನಷ್ಟೇ ಉದ್ದವಿರುವ ಒಂದು ಜಾತಿ ಇದೆ. ಅದರ ಹೆಣ್ಣು ಎಳವೆಯಲ್ಲಿ ಕುಂಕುಮದಂಥ ಕೆಂಪು, ಬಲಿತ ಮೇಲೆ ಹಸಿರು. ಮೊದಲ ಸಲ ಎರಡು ಬೇರೆ ಬೇರೆ ಜಾತಿಯೆಂದು ಬರೆದು ಬೈಸಿಕೊಂಡೆ. ನೋಡಿ, ನಾನು ಮೂವತ್ತನಾಲ್ಕು ವರ್ಷ ಬರೆದ ಗುರುತುಗಳೆಲ್ಲ ಬದಲಾಗದವು ಎಂದುಕೊಂಡೇ ಬರೆದದ್ದು. ಇಲ್ಲಿ ಗುರುತೇ ಬೆಳೆಯುತ್ತದೆ! ಒಂದೊಂದು ಫೋಟೊದ ಮುಂದೆ ಕೈ ಜೋಡಿಸಿ ಕೂರಬೇಕೆನಿಸುತ್ತಿತ್ತು. ಗುಂಪಿನಲ್ಲಿ ಬಲ್ಲವರು ಎಷ್ಟೋ ಸಲ, "ಈ ಫೋಟೊದಿಂದ ಹೇಳಲಾಗದು" ಎಂದು ಬರೆದು ಕಾಲಂ ಖಾಲಿ ಬಿಡುತ್ತಿದ್ದರು. ಇವರಿಗೆ ಶ್ರದ್ಧೆ ಸಾಲದು ಅಂದುಕೊಂಡೆ. ನಾನು ಒಂದು ಕಾಲಮ್ಮನ್ನೂ ಖಾಲಿ ಬಿಡಲಿಲ್ಲ. ಅಬಿಡ್ಸಿನ ಫುಟ್‌ಪಾತಿನಲ್ಲಿ ರವಿವಾರ ಕೊಂಡ ಹಳೆಯ ಕೀಟದ ಪುಸ್ತಕ ನನ್ನ ಬಲ. ಬಣ್ಣದ ಹಾಳೆಗಳನ್ನು ಯಾರೋ ಮೊದಲೇ ಹರಿದುಕೊಂಡಿದ್ದರು, ಅದಕ್ಕೇ ಅಗ್ಗ.

ಈಗ ಹೌಜಿನ ಕಥೆಗೆ ಬರುತ್ತೇನೆ. ಮಳೆ ನಿಂತಿತ್ತು, ಊರಲ್ಲಿ ಡೆಂಗಿ ಎಂಬ ಮಾತು ಹಬ್ಬಿತ್ತು. ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ರಾವ್ ಗಾರು ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾದವರು. ಜೀವಮಾನವಿಡೀ ನೀರು ಕೂಡಿಹಾಕಿದವರಿಗೆ ಈಗ ನೀರು ಕಂಡರೆ ಆಗದು. ಕೆಳಗೆ ಪಾರ್ಕಿಂಗಿನಲ್ಲಿ ಸಭೆ ಸೇರಿ, ಬರುವ ರವಿವಾರ ಹೌಜಿನ ನೀರು ಪಂಪಿನಲ್ಲಿ ಎತ್ತಿ, ಇಟ್ಟಿಗೆ ಚೂರು ತುಂಬಿಸಿ, ಮೇಲೆ ಸಿಮೆಂಟ್ ಹಾಕಿಸುವುದು ಎಂದರು. ನಾನು ಎದ್ದು ನಿಂತು, ಅಲ್ಲಿ ಡ್ಯಾಮ್ಸೆಲ್‌ಗಳಿವೆ, ಅವುಗಳ ಮರಿಗಳು ನೀರಿನಲ್ಲಿದ್ದು ಸೊಳ್ಳೆಯ ಮರಿಗಳನ್ನು ತಿನ್ನುತ್ತವೆ ಅಂದೆ. ರಾವ್ ಗಾರು ನ್ಯಾಯಸ್ಥರು. ಅವರ ತೆಲುಗು ಇಂಗ್ಲಿಷನ್ನು ನಿಮಗಾಗಿ ಕನ್ನಡದಲ್ಲಿ ಹೇಳುತ್ತೇನೆ.

"ಅಮ್ಮಾ, ಅವು ಇಲ್ಲೇ ಹುಟ್ಟುತ್ತವೋ ಅಥವಾ ಎಲ್ಲಿಂದಲೋ ಸುಮ್ಮನೆ ಹಾರಿಬಂದು ಕೂರುತ್ತವೋ? ಇಲ್ಲೇ ಹುಟ್ಟುವುದಾದರೆ ಹೌಜ್ ಇರಲಿ. ಬಂದು ಹೋಗುವವಾದರೆ ಬೇರೆ ಕಡೆ ಹೋಗಲಿ. ನೀವು ಎಕ್ಸ್‌ಪರ್ಟ್. ಬರೆದು ಕೊಡಿ."

ಎಕ್ಸ್‌ಪರ್ಟ್! ಆ ಶಬ್ದ ಕೇಳಿದ ಮೇಲೆ ನನ್ನ ಕಾಲು ನೆಲದ ಮೇಲಿರಲಿಲ್ಲ. ಮರುದಿನ ಮಧ್ಯಾಹ್ನ ಸ್ಟೂಲ್ ಹಾಕಿಕೊಂಡು ಹೌಜಿನ ಬಳಿ ಕೂತು ಫೋಟೊ ತೆಗೆದೆ. ಕಪ್ಪು ಮೈ, ಹಳದಿ ಕಾಲುಗಳ ಒಂದು ಗಂಡು ಥಳಥಳನೆ ಕೂತಿತ್ತು. ಯೆಲ್ಲೋ ಬುಷ್ ಡಾರ್ಟ್, ಸಂದೇಹವೇ ಇಲ್ಲ. ಅದರ ಸುತ್ತ ನೆರಳಿನಲ್ಲಿ ಅದೇ ಮೈಕಟ್ಟಿನ ಏಳೆಂಟು ಇದ್ದವು, ಎಲ್ಲವೂ ಬಿಳಿ. ಅಚ್ಚ ಬಿಳಿ. ನೂಲಿನೆಳೆಗೆ ಜೀವ ಬಂದಂತೆ. ಗಾಳಿಯಲ್ಲಿ ತೇಲಿದರೆ ಇವೆಯೋ ಇಲ್ಲವೋ ಎನ್ನುವ ಹಾಗೆ. ಒಂದು ಬಣ್ಣದ್ದು, ಮಿಕ್ಕವೆಲ್ಲ ಬಿಳಿಯವು: ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಮುದುಕರ ಬೆಂಚು ನೋಡಿದ ಹಾಗಾಯಿತು. ಕೆಲವು ಜಾತಿಗಳ ಗಂಡಿಗೆ ವಯಸ್ಸಾದ ಮೇಲೆ ಮೈಮೇಲೆ ಬೂದಿಯಂಥ ಬಿಳಿ ಪುಡಿ ಕೂರುತ್ತದೆಂದು ಗುಂಪಿನಲ್ಲಿ ಓದಿದ್ದೆ. ಇನ್ನೇನು ಬೇಕು? ತಲೆಯ ಮೇಲೆ ಕೈಯಾಡಿಸಿಕೊಂಡೆ. ಬಿಳಿ ಎಂದರೆ ಏನೆಂದು ನನಗೆ ಯಾರಾದರೂ ಹೇಳಿಕೊಡಬೇಕೇ?

ಕಾನ್ವೆಂಟಿನ ಓರೆಯಕ್ಷರದಲ್ಲಿ, ಇಂಗ್ಲಿಷಿನಲ್ಲಿ, ಒಂದು ಪೂರ್ತಿ ಹಾಳೆ ಬರೆದೆ. ಜಾತಿ ಇದು. ಗಂಡು ಹೆಣ್ಣು ಎರಡೂ ಇವೆ. ವಯಸ್ಸು: ಒಂದು ಪ್ರಾಯದ್ದು, ಮಿಕ್ಕವೆಲ್ಲ ಮುದಿ. ಎಳೆಯವು ಒಂದೂ ಕಾಣಲಿಲ್ಲವಾದ್ದರಿಂದ ಇವು ಇಲ್ಲಿ ಹುಟ್ಟಿದವಲ್ಲ, ಕೊನೆಗಾಲದಲ್ಲಿ ನೆರಳು ಹುಡುಕಿ ಬಂದವು. ಕೊನೆಯ ವಾಕ್ಯವನ್ನು ನಾನೇ ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಸಹಿ ಹಾಕಿ ಗುರುವಾರ ರಾವ್ ಗಾರಿಗೆ ಕೊಟ್ಟೆ. ಹೌಜ್ ಹೋಗುವುದೆಂದು ದುಃಖವಾಯಿತು, ನಿಜ. ಆದರೆ ಸತ್ಯ ಹೇಳಿದೆನಲ್ಲ ಎಂಬ ಹೆಮ್ಮೆ ಅದಕ್ಕಿಂತ ಒಂದು ಗುಲಗಂಜಿ ಹೆಚ್ಚಿತ್ತು. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಶನಿವಾರ ಸಂಜೆ ಚಹಾ ಕುಡಿಯುತ್ತ ಆ ಫೋಟೊಗಳನ್ನು ಗುಂಪಿಗೆ ಹಾಕಿದೆ, ಮೂರೂ ಕಾಲಂ ತುಂಬಿ. ಐದು ನಿಮಿಷದಲ್ಲಿ ಫಾತಿಮಾ ಫೋನ್ ಮಾಡಿದರು.

"ಆಂಟೀ, ಬುಡ್ಢೇ ನಕ್ಕೋ ಬೋಲೋ! ಬಚ್ಚೇ ಹೈಂ ಸಬ್ ಕೇ ಸಬ್!"

"ಬಚ್ಚೇ? ಮುದಿಯಲ್ಲ, ಕೂಸುಗಳೇ? ಅಷ್ಟು ಬೆಳ್ಳಗಿವೆಯಲ್ಲ!"

ಅವರು ನಗುತ್ತಲೇ ಹೇಳಿದರು. ಈ ಜಾತಿ ನೀರಿನಿಂದ ಹೊರಬಂದ ಹೊಸದರಲ್ಲಿ ಹೀಗೇ ಬಿಳಿ ಇರುತ್ತದೆ. ಕೆಲವು ದಿನ ಹಾಗೇ ಬಿಳಿಯಾಗಿಯೇ ಓಡಾಡಿ, ನಿಧಾನವಾಗಿ ಕಪ್ಪು ಹಳದಿ ಬಣ್ಣ ತುಂಬಿಕೊಳ್ಳುತ್ತದೆ. ನಾನು ಯೌವನದ್ದು ಎಂದುಕೊಂಡ ಆ ಥಳಥಳ ಗಂಡೇ ಅಲ್ಲಿದ್ದವರಲ್ಲೆಲ್ಲ ಹಿರಿಯ. ಇಷ್ಟೊಂದು ಎಳೆಯವು ಒಂದೇ ಕಡೆ ಸಿಕ್ಕಿದರೆ, ಅವು ಹುಟ್ಟಿದ್ದು ಆ ನೀರಿನಲ್ಲೇ.

ಚಹಾ ತಣ್ಣಗಾಯಿತು. ರಾವ್ ಗಾರಿಗೆ ಫೋನ್ ಮಾಡಿದೆ. ಮೊಮ್ಮಗಳ ಹುಟ್ಟುಹಬ್ಬದ ಗದ್ದಲದಲ್ಲಿದ್ದರು. "ಅಮ್ಮಾ, ಮೀರೇ ಕದಾ ರಾಸಾರು! ಸೈನ್ ಕೂಡಾ ಚೇಸಾರು" ಅಂದರು. ನೀವೇ ಬರೆದಿರಿ, ನೀವೇ ಸಹಿ ಹಾಕಿದಿರಿ. ಪಂಪಿನವರಿಗೆ ಹೇಳಿಯಾಗಿದೆ, ಬೆಳಿಗ್ಗೆ ಏಳಕ್ಕೆ ಬರುತ್ತಾರೆ. ಗುರುವಾರ ಮುದಿ ಅಂದವರು ಶನಿವಾರ ಕೂಸು ಅಂದರೆ ಕಮಿಟಿಗೆ ಏನು ಹೇಳಲಿ? ಕಣ್ಣಿಗೆ ಕಾಣುವಂಥದ್ದೇನಾದರೂ ಇದ್ದರೆ ತೋರಿಸಿ, ನೋಡೋಣ.

ಕಣ್ಣಿಗೆ ಕಾಣುವಂಥದ್ದು. ಅಪ್ಪನ ಸಿಕ್ಕಾದ ಅಂಚು ನೆನಪಾಯಿತು. ನಾನು ಅಂಚು ನೋಡಲಿಲ್ಲ. ನನ್ನ ತಲೆಗೂದಲು ನೋಡಿಕೊಂಡು ಬರೆದೆ.

ರವಿವಾರ ಬೆಳಕು ಹರಿಯುವಾಗಲೇ ಶಾಂತವ್ವನನ್ನು ಕರೆದುಕೊಂಡು ಹೌಜಿಗೆ ಹೋದೆ. ಅವಳ ಕಂಕುಳಲ್ಲಿ ಸ್ಟೂಲು, ನನ್ನ ಕೈಯಲ್ಲಿ ಭೂತಗನ್ನಡಿ ಮತ್ತು ಫೋನು. ಬೆಳಗಿನ ಹೊತ್ತು ಇವು ನೀರಿನಿಂದ ಮೇಲೆ ಬರುವುದುಂಟು, ನಸೀಬಿದ್ದರೆ ಸಿಕ್ಕೀತು ಎಂದಿದ್ದರು ಫಾತಿಮಾ. ಅರ್ಧ ಗಂಟೆ ಕೂತೆವು. ಜೊಂಡು, ಕಲ್ಲು, ಉದುರಿದ ಎಲೆ. ನನ್ನ ಕಣ್ಣಿಗೆ ಏನೂ ಇಲ್ಲ. ನನ್ನ ಎಡಗಣ್ಣು ಈಗೀಗ ಮಸುಕು, ಅದನ್ನು ಗುಂಪಿಗೆ ಹೇಳಿಲ್ಲ. ನೀವೂ ಹೇಳಬೇಡಿ.

"ಬಾಯಾರ" ಅಂದಳು ಶಾಂತವ್ವ, ಪಿಸುಮಾತಿನಲ್ಲಿ. "ಆ ಕಡ್ಡಿಗೆ ಒಂದು ಹುಳ ಹತ್ತಾಕತ್ತೈತಿ ನೋಡ್ರಿ. ಬಾಲದಾಗ ಮೂರು ಎಲಿ ಅದಾವು."

ಜೊಂಡಿನ ಒಂದು ಕಡ್ಡಿಯ ಮೇಲೆ, ನೀರಿನಿಂದ ಎರಡು ಬೆರಳು ಎತ್ತರದಲ್ಲಿ, ಮಣ್ಣಿನ ಬಣ್ಣದ ಒಂದು ಕೊಳಕು ಹುಳು. ಅಷ್ಟು ದಿನ ಕೆಸರಿನಲ್ಲಿ ಬದುಕಿದ್ದು. ಸ್ವಲ್ಪ ಹತ್ತಿತು, ನಿಂತಿತು. ಕಾಲುಗಳನ್ನು ಕಡ್ಡಿಗೆ ಬಿಗಿದುಕೊಂಡಿತು. ಆಮೇಲೆ ಎಷ್ಟು ಹೊತ್ತು ಕಳೆದರೂ ಅಲುಗಾಡಲಿಲ್ಲ.

"ಸತ್ತತೇನ್ರಿ?"

"ಸುಮ್ಮನ ಕೂಡು."

ಭೂತಗನ್ನಡಿ ಹಿಡಿದೆ. ಬೆನ್ನಿನ ಮೇಲೆ ಒಂದು ಗೆರೆ ಕಂಡಿತು, ಕೂದಲೆಳೆಯಂಥದ್ದು. ಗೆರೆ ಅಗಲವಾಯಿತು. ಒಳಗಿನಿಂದ ಏನೋ ಉಬ್ಬುತ್ತಿತ್ತು. ಮೊದಲು ಬೆನ್ನು ಹೊರಬಂತು, ಆಮೇಲೆ ತಲೆ, ಎರಡು ತುದಿಗೆ ಎರಡು ಕಣ್ಣು. ಹಳೆಯ ಮುಖದೊಳಗಿಂದ ಹೊಸ ಮುಖ ಈಚೆ ಬರುವುದನ್ನು ನೀವು ನೋಡಿದ್ದೀರಾ? ನಾನು ಎಪ್ಪತ್ತೇಳು ವರ್ಷ ನೋಡಿರಲಿಲ್ಲ. ಅದು ಕಾಲುಗಳನ್ನು ಒಂದೊಂದಾಗಿ, ಕೈಗವಸು ಬಿಚ್ಚಿದ ಹಾಗೆ, ಎಳೆದುಕೊಂಡಿತು. ಸ್ವಲ್ಪ ಹೊತ್ತು ಸುಮ್ಮನೆ ನಿಂತಿತು. ಸುಸ್ತಾಗಿತ್ತೋ ಏನೋ. ಮತ್ತೆ ಬಾಗಿ, ತನ್ನದೇ ಖಾಲಿ ಚರ್ಮವನ್ನು ಹಿಡಿದುಕೊಂಡು, ಬಾಲವನ್ನು ಪೂರ್ತಿ ಹೊರಗೆಳೆಯಿತು. ರೆಕ್ಕೆಗಳು ಒದ್ದೆ ಕಾಗದದ ಮುದ್ದೆಯಂತಿದ್ದವು. ನೋಡನೋಡುತ್ತ ಬಿಡಿಸಿಕೊಂಡವು, ಹಾಲಿನ ಕೆನೆಯ ಹೊಳಪು. ಮೈ ಉದ್ದವಾಯಿತು, ಸಪೂರವಾಯಿತು. ಬಣ್ಣವೇ ಇಲ್ಲದ ಬಣ್ಣ. ನಮ್ಮ ಎದುರಿಗೆ, ಕೆಸರಿನಿಂದ, ಆ ಬಿಳಿ.

ನಾನು ಉಸಿರಾಡಿದೆನೋ ಇಲ್ಲವೋ ತಿಳಿಯದು. ಚಾಪೆಲಿನಲ್ಲಿ ಮಂಡಿಯೂರಿ ಕೂತು ಬಾರದ ಭಕ್ತಿ, ಮನೆಯಲ್ಲಿ ಅಮ್ಮನ ದೇವರ ಮುಂದೆ ಕೂತು ಬಾರದ ಭಕ್ತಿ, ಇಷ್ಟು ವರ್ಷ ಎಲ್ಲೋ ಬಾಕಿಯಿದ್ದದ್ದು, ಸ್ಟೂಲಿನ ಮೇಲೆ ಕೂತಲ್ಲೇ ಬಂತು. ಶಾಂತವ್ವ ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಸೆರಗು ಸರಿಸಿ ಅಂದಳು:

"ಎವ್ವಾ! ಹೆರಿಗಿ ನೋಡಿದಂಗಾತು ನೋಡ್ರಿ."

ಅಷ್ಟರಲ್ಲಿ ಗೇಟಿನ ಕಡೆಯಿಂದ ಪಂಪನ್ನು ತಳ್ಳಿಕೊಂಡು ಬರುವ ಸದ್ದು. ರಾವ್ ಗಾರು ಮುಂದೆ, ಕೂಲಿಯವರು ಇಬ್ಬರು ಹಿಂದೆ. ರಾವ್ ಗಾರ ಕೈಯಲ್ಲಿ ನನ್ನ ಹಾಳೆ. ಕೂಲಿಯವರಲ್ಲಿ ಒಬ್ಬ ಪೈಪು ಬಿಚ್ಚಿ ನೀರಿಗೆ ಎಸೆಯಲು ಹೋದ. ಶಾಂತವ್ವ ಎದ್ದು ಅಡ್ಡ ನಿಂತಳು.

"ಏ ತಮ್ಮಾ, ಎಲ್ಲ್ಯಾಂವಪಾ ನೀ?"

"ಯಾದಗಿರಿ ಕಡ್ಯಾಂವ್ರಿ ಅಕ್ಕಾರ. ಯಾಕ್ರಿ?"

"ಯಾದಗಿರ್ಯಾಗ ಬಾಣಂತಿ ಮನಿಗೆ ಹಿಂಗ ಪೈಪ್ ಹಾಕ್ತಾರೇನು? ಇಡು ಕೆಳಗ."

ಅವನು ಏನೂ ತಿಳಿಯದೆ ಇಟ್ಟ. ರಾವ್ ಗಾರು ನನ್ನ ಮುಂದೆ ಹಾಳೆ ಹಿಡಿದರು. ನನ್ನದೇ ಓರೆಯಕ್ಷರ, ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ. ಅಷ್ಟು ಚೆಂದದ ತಪ್ಪನ್ನು ನಾನು ಇನ್ನೆಲ್ಲೂ ಕಂಡಿಲ್ಲ.

"ರಾವ್ ಗಾರೂ, ಇದು ತಪ್ಪು" ಅಂದೆ. "ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಬರೆಯಬೇಕಾಗಿತ್ತು. ಬರೆಯಲಿಲ್ಲ."

ಮೂವತ್ತನಾಲ್ಕು ವರ್ಷ ಊರಿನವರ ಮಕ್ಕಳ ಫಾರ್ಮಿನ ತಪ್ಪು ತಿದ್ದಿದ ಬಾಯಿ ಇದು. ಆ ನಾಲ್ಕು ವಾಕ್ಯ ಹೇಳುವಷ್ಟರಲ್ಲಿ ಒಣಗಿಹೋಯಿತು. ನಾನು ಭೂತಗನ್ನಡಿ ಅವರ ಕೈಗಿಟ್ಟು ಜೊಂಡಿನ ಕಡೆ ತೋರಿಸಿದೆ. ಮೊಣಕಾಲು ನೋವಿನ ಮನುಷ್ಯ, ಕಟ್ಟೆಯ ಕಲ್ಲು ಹಿಡಿದು ನಿಧಾನವಾಗಿ ಕೂತರು. ಖಾಲಿ ಚರ್ಮ ಕಡ್ಡಿಗೆ ಅಂಟಿಕೊಂಡೇ ಇತ್ತು, ಅದರ ಬೆನ್ನಿನ ಸೀಳು ಸಮೇತ. ಅದರ ಮೇಲೆಯೇ ಬಿಳಿಯದು ಕೂತಿತ್ತು. ರಾವ್ ಗಾರು ನೋಡಿದರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಪಂಪಿನವರು ಬೀಡಿ ಹಚ್ಚಲು ಹೋದವರು ಹಚ್ಚದೆ ಹತ್ತಿರ ಬಂದು ಬಗ್ಗಿದರು. ಐದು ಜನ ಒಂದು ಕಡ್ಡಿಯ ಸುತ್ತ.

ಬಿಸಿಲು ನೇರಳೆ ಎಲೆಗಳ ನಡುವಿನಿಂದ ಒಂದು ಕಾಸಿನಗಲ ಬಿತ್ತು. ಆ ಬಿಳಿ ಜೀವ ರೆಕ್ಕೆ ಒಮ್ಮೆ ಅದುರಿಸಿತು. ಕಡ್ಡಿ ಬಿಟ್ಟಿತು. ಹಾರುವುದು ಅನ್ನುವಂತಿರಲಿಲ್ಲ, ಬೀಳಲು ಮರೆತಂತೆ ಇತ್ತು. ತೇಲಿ ತೇಲಿ ಹೋಗಿ ರಾವ್ ಗಾರ ಬನಿಯನ್ನಿನ ತೋಳಿನ ಮೇಲೆ ಕೂತಿತು. ಅವರು ಕಲ್ಲಾದರು. ನೀರಾವರಿ ಇಲಾಖೆಯ ಆ ದಪ್ಪ ಮನುಷ್ಯ ಉಸಿರು ಹಿಡಿದು, ತುಟಿ ಮಾತ್ರ ಅಲ್ಲಾಡಿಸಿ, "ಇಪ್ಪುಡು ಏಮಿ ಚೆಯ್ಯಾಲಿ?" ಎಂದು ಕೇಳಿದರು. ಈಗ ಏನು ಮಾಡಬೇಕು?

"ಏನೂ ಮಾಡಬೇಡಿ" ಅಂದೆ.

ಅದು ತಾನಾಗಿ ಎದ್ದು ನೆರಳಿಗೆ ಹೋದ ಮೇಲೆ ರಾವ್ ಗಾರು ಎದ್ದರು. ನನ್ನ ಹಾಳೆಯನ್ನು ನಾಲ್ಕಾಗಿ ಮಡಿಸಿ ಪೈಜಾಮದ ಜೇಬಿಗೆ ಹಾಕಿಕೊಂಡರು. ಪಂಪಿನವರಿಗೆ, "ಬಾಡಿಗೆ ಕೊಡುತ್ತೇನೆ, ಹಿಂದಿನ ಮೋರಿ ಕಟ್ಟಿಕೊಂಡಿದೆ, ಅದನ್ನು ಎತ್ತಿ. ಸೊಳ್ಳೆ ಅಲ್ಲಿಯೂ ಇದ್ದಾವು" ಅಂದರು. ನನಗೆ ಮಾತ್ರ ಒಂದು ಕಟ್ಟಪ್ಪಣೆ: ಹೊಸದಾಗಿ ಬರೆದುಕೊಡಬೇಕು. ಬರೆದೆ, ಮೂರೇ ಸಾಲು.

ಮೇಲೆ ಬಂದು ಶಾಂತವ್ವ ನನ್ನ ತಲೆ ಬಾಚುತ್ತಿದ್ದಳು. ರವಿವಾರಕ್ಕೊಮ್ಮೆ ಎಣ್ಣೆ ಹಚ್ಚುವುದು ಅವಳ ಹಟ. ಬಾಚಣಿಕೆಗೆ ಬಂದ ಬಿಳಿ ಎಳೆಯೊಂದನ್ನು ಬೆಳಕಿಗೆ ಹಿಡಿದು, "ಹಂಗಾರ ಬಾಯಾರ, ನೀವೂ ಮೊನ್ನೆ ಮೊನ್ನೆ ನೀರಾಗಿಂದ ಎದ್ದು ಬಂದೀರಿ ಅನ್ರಿ" ಅಂದಳು. "ಕಪ್ಪಾಗೋದು ಇನ್ನ ಮುಂದ ಐತಿ." ನಾನು ಅವಳ ಕೈಗೆ ಒಂದು ಏಟು ಹಾಕಿದೆ. ಆಮೇಲೆ ಇಬ್ಬರೂ ನಗು ತಡೆಯಲಾರದೆ ಎಣ್ಣೆ ಬಟ್ಟಲು ಚೆಲ್ಲಿದೆವು.

ಇದಾಗಿ ಒಂದು ತಿಂಗಳ ಮೇಲಾಯಿತು. ನಿನ್ನೆ ಸಂಜೆ ಭೂತಗನ್ನಡಿ ಒರೆಸುತ್ತ ಕೂತಿದ್ದಾಗ ಫೋನ್ ಕಿಣಿಗುಟ್ಟಿತು. ರಾವ್ ಗಾರು ಹೌಜಿನಿಂದ ಫೋಟೊ ಕಳಿಸಿದ್ದರು. ಅರ್ಧ ಫೋಟೊ ಅವರ ಹೆಬ್ಬೆರಳು. ಮಿಕ್ಕರ್ಧದಲ್ಲಿ ಮಸುಕು ಹಸಿರು, ಅದರ ನಡುವೆ ಬೆಳ್ಳಗೆ ಒಂದು ಗೀರು. ಕೆಳಗೆ ಇಂಗ್ಲಿಷಿನಲ್ಲಿ ಕೇಳಿದ್ದರು: ಮೇಡಂ, ಜಾತಿ? ಗಂಡೋ ಹೆಣ್ಣೋ? ವಯಸ್ಸು?

ಗಾಜು ಹಿಡಿದು ನೋಡಿದೆ. ಬಾಲದ ತುದಿ ಕಾಣದು, ಕಾಲು ಕಾಣದು, ಕಣ್ಣೂ ಕಾಣದು. ಹುಳುವೋ, ಜೊಂಡಿನ ಮೇಲೆ ಬಿದ್ದ ಬಿಸಿಲೋ, ಅದೂ ಹೇಳಲಾಗದು. ಬೆರಳು ಅಭ್ಯಾಸದಂತೆ ಟೈಪ್ ಮಾಡಲು ಹೊರಟಿತು. ಹೆಡ್ ಸಿಸ್ಟರ್ ಬಾಗಿಲಲ್ಲಿ ಬಂದು ನಿಂತೇ ಇದ್ದರು. ನಾನು ಅವರ ಕಡೆ ತಿರುಗಿ ನೋಡಲಿಲ್ಲ. ಮೂರೂ ಪ್ರಶ್ನೆಗಳ ಮುಂದೆ ಏನನ್ನೂ ಬರೆಯದೆ, "ಅಲ್ಲೇ ನಿಲ್ಲಿ, ಬಂದೆ" ಎಂದಷ್ಟೇ ಕಳಿಸಿ, ಚಪ್ಪಲಿ ಮೆಟ್ಟಿ, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದೆ.